ಮಳೆ, ಮೈಕು, ಮೈದಾನ

ಸಂಜೆ ಏಳೂವರೆ. ಮೈಸೂರು ದಸರಾದ ಯುವ ದಸರಾ ವೇದಿಕೆಯಲ್ಲಿ ಗಾಯಕಿ ಎರಡನೇ ಹಾಡಿಗೆ ಬಂದಿದ್ದಾರೆ. ಚಾಮುಂಡಿ ಬೆಟ್ಟದ ಆಚೆ ಆಗೊಮ್ಮೆ ಈಗೊಮ್ಮೆ ಮಿಂಚುತ್ತಿರುವುದನ್ನು ಯಾರೂ ಲೆಕ್ಕಕ್ಕೆ ಇಟ್ಟಿಲ್ಲ, ಲೈಟಿನವರ ಮಿಂಚೇ ಅದಕ್ಕಿಂತ ಜೋರಾಗಿದೆ. ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಬೀಸುತ್ತದೆ. ಚುರುಮುರಿ ಗಾಡಿಯ ಕಾಗದದ ಪೊಟ್ಟಣಗಳು ಹಾರುತ್ತವೆ. ಆಮೇಲೆ ನಾಲ್ಕು ದಪ್ಪ ಹನಿ, ಅದರ ಹಿಂದೆಯೇ ಸುರಿಮಳೆ.

ಯಾರೂ ಓಡುವುದಿಲ್ಲ. ಕೂತಿದ್ದ ಪ್ಲಾಸ್ಟಿಕ್ ಕುರ್ಚಿಗಳು ಒಂದೊಂದಾಗಿ ನೆಲ ಬಿಟ್ಟು ತಲೆಯೇರುತ್ತವೆ. ಅದರಡಿ ನಿಂತು ಹುಡುಗರು ಕುಣಿಯುತ್ತಾರೆ, ಅಮ್ಮಂದಿರು ಮಕ್ಕಳ ತಲೆಗೆ ಸೆರಗು ಮುಚ್ಚುತ್ತಾರೆ, ಎಲ್ಲಿದ್ದರೋ ಏನೋ, ತೆಳು ಪ್ಲಾಸ್ಟಿಕ್ಕಿನ ರೇನ್‌ಕೋಟ್ ಮಾರುವವರು ಪ್ರತ್ಯಕ್ಷರಾಗುತ್ತಾರೆ. ಅರ್ಧ ಗಂಟೆಯಲ್ಲಿ ಮಳೆ ನಿಂತಿತು ಅನ್ನುವಷ್ಟರಲ್ಲಿ ನೆಲ ಕೈಕೊಟ್ಟಿರುತ್ತದೆ. ಚಪ್ಪಲಿ ಒಂದು ಕಡೆ, ಕಾಲು ಒಂದು ಕಡೆ. "ಅಣ್ಣಾ, ಆ ಕಡೆ ಹೋಗ್ಬೇಡಿ, ಹೂತ್ಕೊಳ್ತೀರ" ಎಂದು ಸ್ವಯಂಸೇವಕ ಹುಡುಗನೊಬ್ಬ ಕೂಗುತ್ತಲೇ ಇರುತ್ತಾನೆ.

ಮೈಸೂರಿಗರಿಗೆ ಇದೇನೂ ಹೊಸ ದೃಶ್ಯವಲ್ಲ. ಮರುದಿನ ಪತ್ರಿಕೆಯಲ್ಲಿ ‘ದಸರಾ ಕಾರ್ಯಕ್ರಮಕ್ಕೆ ಮಳೆ ಅಡ್ಡಿ’ ಎಂಬ ಶೀರ್ಷಿಕೆಯೂ ಹೊಸದಲ್ಲ. ವಿಚಿತ್ರವೆಂದರೆ ಅದನ್ನು ನಾವು ಪ್ರತಿಸಲವೂ ಆಕಸ್ಮಿಕ ಎಂಬಂತೆ ಓದುತ್ತೇವೆ.

ಪಂಚಾಂಗದಲ್ಲೇ ಬರೆದಿರುವ ಮಳೆ

ದಸರಾ ಆಶ್ವಯುಜ ಶುದ್ಧ ಪಾಡ್ಯದಿಂದ ದಶಮಿಯವರೆಗಿನ ಹಬ್ಬ. ಚಾಂದ್ರಮಾನದ ತಿಥಿಯಾದ್ದರಿಂದ ಇಂಗ್ಲಿಷ್ ತಾರೀಖು ಹಿಂದೆ ಮುಂದೆ ಓಡಾಡುತ್ತದೆ. ವಿಜಯದಶಮಿ 2017ರಲ್ಲಿ ಸೆಪ್ಟೆಂಬರ್ 30ಕ್ಕೇ ಬಂತು. 2020ರಲ್ಲಿ ಅಧಿಕ ಮಾಸದಿಂದಾಗಿ ಅಕ್ಟೋಬರ್ 26ಕ್ಕೆ ಹೋಯಿತು. 2022ರಲ್ಲಿ ಅಕ್ಟೋಬರ್ 5, 2023ರಲ್ಲಿ 24, 2024ರಲ್ಲಿ 12, 2025ರಲ್ಲಿ ಅಕ್ಟೋಬರ್ 2. ಎಷ್ಟೇ ಓಡಾಡಲಿ, ಈ ಹಬ್ಬ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗಿನ ಒಂದು ತಿಂಗಳ ಕಿಟಕಿಯನ್ನು ದಾಟುವುದಿಲ್ಲ.

ಆ ಕಿಟಕಿಯ ಹೊರಗೆ ಏನಿದೆ ಎಂದು ಹಳ್ಳಿಯ ಯಾವ ಹಿರಿಯರನ್ನು ಕೇಳಿದರೂ ಬೆರಳು ಮಡಚಿ ಹೇಳುತ್ತಾರೆ. ಸೆಪ್ಟೆಂಬರ್ ನಡುವಿಗೆ ಉತ್ತರೆ ಮಳೆ, ತಿಂಗಳ ಕೊನೆಗೆ ಹಸ್ತ, ಅಕ್ಟೋಬರ್ 10–11ರ ಸುಮಾರಿಗೆ ಚಿತ್ತೆ, 24ರ ಹೊತ್ತಿಗೆ ಸ್ವಾತಿ ಹುಟ್ಟುತ್ತದೆ. ರಾಗಿ ತೆನೆಗಟ್ಟುವ ಹೊತ್ತಿಗೆ ರೈತರು ಆಕಾಶ ನೋಡುತ್ತಾ ಕಾಯುವ ಮಳೆಗಳೇ ಇವು. ಹೊಲಕ್ಕೆ ಬೇಕಾದ ಮಳೆ, ವೇದಿಕೆಗೆ ಬೇಡದ ಮಳೆ, ಎರಡೂ ಒಂದೇ.

ಹವಾಮಾನ ಇಲಾಖೆಯ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಮೈಸೂರಿಗೆ ವರ್ಷಕ್ಕೆ ಬೀಳುವುದು ಸುಮಾರು 800 ಮಿಲಿಮೀಟರ್. 120 ಕಿಲೋಮೀಟರ್ ಆಚೆಗಿನ ಮಡಿಕೇರಿ ಜುಲೈನಲ್ಲಿ ತೊಯ್ದು ತೊಪ್ಪೆಯಾಗುವಾಗ ನಮ್ಮದು ಬರೀ ಮೋಡ, ತುಂತುರು. ಪಶ್ಚಿಮ ಘಟ್ಟ ತನ್ನ ಪಾಲನ್ನು ಮೊದಲೇ ಹಿಂಡಿಕೊಂಡಿರುತ್ತದೆ. ಮೈಸೂರಿನ ನಿಜವಾದ ಮಳೆ ಬರುವುದು ಎರಡು ಸಲ: ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಮ್ಮೆ. ನೈಋತ್ಯ ಮುಂಗಾರು ವಾಪಸಾಗುತ್ತಾ ಈಶಾನ್ಯದ ಹಿಂಗಾರು ಕಾಲಿಡುವ ಸಂಧಿಕಾಲ ಅದು. 2021ರ ಅಕ್ಟೋಬರ್ ಮಳೆಗೆ ಚಾಮುಂಡಿ ಬೆಟ್ಟದಲ್ಲಿ ನಂದಿಗೆ ಹೋಗುವ ರಸ್ತೆಯೇ ಕುಸಿದದ್ದು ನೆನಪಿರಬಹುದು.

ಇನ್ನು ಹೊತ್ತು. ಈ ಕಾಲದ ಮಳೆ ಜಡಿಮಳೆಯಲ್ಲ. ಮಧ್ಯಾಹ್ನದ ಬಿಸಿಲಿಗೆ ನೆಲ ಕಾದು, ತೇವ ತುಂಬಿದ ಗಾಳಿ ಮೇಲೇರಿ, ಮೂರು ನಾಲ್ಕು ಗಂಟೆಗೆ ಮೋಡ ಕಟ್ಟಿ, ಸಂಜೆಗೆ ಗುಡುಗು ಸಮೇತ ಸುರಿದು ಹೋಗುವ ಮಳೆ. ಸಂಗೀತ ಕಚೇರಿಗಳಿಗೂ ನಾವು ಸಂಜೆಯ ಹೊತ್ತನ್ನೇ ಇಟ್ಟುಕೊಂಡಿದ್ದೇವೆ. ಮುಂದಿನ ಸಲದ ಲೆಕ್ಕ ಬೇಕಿದ್ದರೆ, 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ನವರಾತ್ರಿ ಅಕ್ಟೋಬರ್ ನಡುಭಾಗಕ್ಕೆ, ಅಂದರೆ ಸರಿಯಾಗಿ ಚಿತ್ತೆ ಮಳೆಗೆ ಬೀಳುತ್ತದೆ.

ಕೆಸರು ಹೇಗಾಗುತ್ತದೆ

ಮೈಸೂರಿನ ಸುತ್ತ ಹೆಚ್ಚಿನ ಕಡೆ ಇರುವುದು ಮರಳು ಬೆರೆತ ಕೆಮ್ಮಣ್ಣು. ಇದು ನೀರು ಹಿಡಿದಿಟ್ಟುಕೊಳ್ಳುವ ಜಾತಿಯಲ್ಲ. ಎರೆ ಭೂಮಿಯಂತೆ ಉಬ್ಬುವುದೂ ಇಲ್ಲ, ಅಂಟುವುದೂ ಕಡಿಮೆ. ಖಾಲಿ ಹೊಲದಲ್ಲಿ ಒಂದು ಒಳ್ಳೆಯ ಮಳೆ ಬಿದ್ದು ನಿಂತ ಮೇಲೆ ಸ್ವಲ್ಪ ಹೊತ್ತಿಗೆ ಸಲೀಸಾಗಿ ನಡೆದಾಡಬಹುದು. ಅದೇ ಮಣ್ಣು ಯುವ ದಸರಾದಲ್ಲಿ ಮಾತ್ರ ಯಾಕೆ ರೊಚ್ಚೆಯಾಗುತ್ತದೆ?

ಉತ್ತರ ಕಾವೇರಿ ಬಯಲಿನ ಗದ್ದೆಗಳಲ್ಲಿದೆ. ನಾಟಿಗೆ ಮುಂಚೆ ಗದ್ದೆಗೆ ನೀರು ಕಟ್ಟಿ, ಉತ್ತು, ತುಳಿಸಿ, ಮತ್ತೆ ಮತ್ತೆ ಕಲಸುತ್ತಾರೆ. ಮಣ್ಣಿನ ಹರಳುಗಳ ನಡುವೆ ನೀರು ಇಳಿಯಲು ಇರುವ ಸಣ್ಣ ಸಣ್ಣ ಸಂದುಗಳು ಆ ತುಳಿತಕ್ಕೆ ಮುಚ್ಚಿಹೋಗುತ್ತವೆ, ನುಣ್ಣನೆಯ ಜೇಡಿ ಅಂಶ ತಳದಲ್ಲಿ ಪದರ ಕಟ್ಟುತ್ತದೆ. ಆಮೇಲೆ ನೀರು ಇಳಿಯದೆ ನಿಲ್ಲುತ್ತದೆ. ರೈತರು ಬೇಕೆಂದೇ ಮಾಡುವ ಈ ಕೆಲಸವನ್ನು ಪ್ರೇಕ್ಷಕರು ಗೊತ್ತಿಲ್ಲದೆ ಮಾಡುತ್ತಾರೆ. 60 ಕೆ.ಜಿ. ತೂಕದ ಒಬ್ಬರು ಒಂದು ಪಾದದ ಮೇಲೆ ನಿಂತಾಗ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 400 ಗ್ರಾಂ ಭಾರ ಬೀಳುತ್ತದೆ, ಹಿಮ್ಮಡಿಯೂರಿ ಕುಣಿದರೆ ಇನ್ನೂ ಹೆಚ್ಚು. ಅಂಥ ಸಾವಿರಾರು ಜೋಡಿ ಕಾಲುಗಳು ಹಸಿ ನೆಲದ ಮೇಲೆ ಎರಡು ಗಂಟೆ ಕುಣಿದರೆ ನಾಟಿಗೆ ಹದವಾದ ಗದ್ದೆ ತಯಾರು!

ನೀರಿನ ಲೆಕ್ಕವೂ ಸಣ್ಣದಲ್ಲ. ಒಂದು ಮಿಲಿಮೀಟರ್ ಮಳೆ ಎಂದರೆ ಪ್ರತಿ ಚದರ ಮೀಟರಿಗೆ ಒಂದು ಲೀಟರ್. ನೂರು ಮೀಟರ್ ಉದ್ದ, ನೂರು ಮೀಟರ್ ಅಗಲದ ಮೈದಾನದ ಮೇಲೆ 20 ಮಿ.ಮೀ. ಸುರಿದರೆ ಎರಡು ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ ಇಪ್ಪತ್ತು ಟ್ಯಾಂಕರ್ ತಂದು ಒಮ್ಮೆಗೇ ಬಿಟ್ಟಷ್ಟು. ಹರಿದು ಹೋಗಲು ಇಳಿಜಾರು, ಕಾಲುವೆ ಇಲ್ಲದಿದ್ದರೆ ಅದು ಬ್ಯಾರಿಕೇಡ್ ಹಾಕಿದ ಕಡೆ, ಜನರೇಟರ್ ನಿಲ್ಲಿಸಿದ ಕಡೆ, ಎಲ್ಲರೂ ಒಟ್ಟಿಗೆ ನುಗ್ಗುವ ಗೇಟಿನ ಬಳಿ ನಿಲ್ಲುತ್ತದೆ. ಗೇಟಿನ ಬಳಿ ತುಳಿತವೂ ಹೆಚ್ಚು, ನೀರೂ ಹೆಚ್ಚು. ಅತಿ ಕೆಟ್ಟ ಕೆಸರು ಯಾವಾಗಲೂ ಬಾಗಿಲಲ್ಲೇ ಇರುವುದಕ್ಕೆ ಇದೇ ಕಾರಣ.

ಯುವ ದಸರಾ ವರ್ಷಗಳ ಕಾಲ ನಡೆದದ್ದು ನಗರದ ನಡುವೆ, ಮಹಾರಾಜ ಕಾಲೇಜು ಮೈದಾನದಲ್ಲಿ. 2024ರಲ್ಲಿ ಅದು ಊರಾಚೆಗೆ, ಬೆಟ್ಟದ ಮಗ್ಗುಲಿನ ಉತ್ತನಹಳ್ಳಿ ಬಳಿಯ ಬಯಲಿಗೆ ಹೋಯಿತು. ಶ್ರೇಯಾ ಘೋಷಾಲ್, ಎ.ಆರ್. ರೆಹಮಾನ್, ಇಳಯರಾಜ ಹಾಡಿಸಿದ, ಹಾಡಿದ ವರ್ಷ ಅದು. ದೊಡ್ಡ ಹೆಸರು ಬಂದರೆ ದೊಡ್ಡ ಜನ, ದೊಡ್ಡ ಜನಕ್ಕೆ ದೊಡ್ಡ ಬಯಲು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕಾಲೇಜು ಮೈದಾನಕ್ಕೆ ಸುತ್ತ ಡಾಂಬರು ರಸ್ತೆಯಾದರೂ ಇತ್ತು, ಹತ್ತು ಹೆಜ್ಜೆ ಹಾಕಿದರೆ ಗಟ್ಟಿ ನೆಲ ಸಿಗುತ್ತಿತ್ತು. ಬಯಲಿನಲ್ಲಿ ಕೂರುವ ಜಾಗವೂ ಮಣ್ಣು, ನಡೆಯುವ ದಾರಿಯೂ ಮಣ್ಣು, ಗಾಡಿ ನಿಲ್ಲಿಸುವುದೂ ಮಣ್ಣಿನ ಮೇಲೆ.

ಹನಿಗಿಂತ ಮೊದಲು ಗಾಳಿ

ಕೆಸರು ಕಿರಿಕಿರಿ ಅಷ್ಟೇ. ನಿಜವಾಗಿ ಭಯಪಡಬೇಕಾದದ್ದು ಹನಿ ಬೀಳುವ ಮುಂಚಿನ ಆ ತಣ್ಣನೆಯ ಗಾಳಿಗೆ.

ಗುಡುಗಿನ ಮೋಡದ ಒಳಗಿಂದ ಮಳೆ ಕೆಳಗಿಳಿಯುವಾಗ ತನ್ನೊಂದಿಗೆ ತಂಪು ಗಾಳಿಯನ್ನೂ ಎಳೆದು ತರುತ್ತದೆ. ಅದು ನೆಲಕ್ಕೆ ಬಡಿದು ನಾಲ್ಕೂ ದಿಕ್ಕಿಗೆ ಚೆಲ್ಲುತ್ತದೆ. ಮಳೆಗಿಂತ ಕೆಲವು ನಿಮಿಷ ಮೊದಲು ಬರುವುದು ಈ ಚೆಲ್ಲಿದ ಗಾಳಿ. ಇಂದಿನ ವೇದಿಕೆಗಳು ಕಬ್ಬಿಣ, ಅಲ್ಯೂಮಿನಿಯಂ ಟ್ರಸ್‌ಗಳ ಮೇಲೆ ಟನ್‌ಗಟ್ಟಲೆ ಸ್ಪೀಕರ್, ಲೈಟು, ಎಲ್‌ಇಡಿ ಪರದೆ ತೂಗುಹಾಕಿದ ತಾತ್ಕಾಲಿಕ ಕಟ್ಟಡಗಳು. ಮೇಲಿನ ಟಾರ್ಪಾಲು, ಹಿಂದಿನ ಬ್ಯಾನರು ಗಾಳಿಗೆ ಹಾಯಿಯ ಹಾಗೆ ಉಬ್ಬುತ್ತವೆ. 2011ರ ಆಗಸ್ಟ್‌ನಲ್ಲಿ ಅಮೆರಿಕದ ಇಂಡಿಯಾನಾ ಜಾತ್ರೆಯಲ್ಲಿ ಇಂಥದೇ ಗಾಳಿಗೆ ವೇದಿಕೆಯ ಮಾಡು ಕುಸಿದು ಏಳು ಜನ ಸತ್ತರು. ಅದಾದ ಐದೇ ದಿನಕ್ಕೆ ಬೆಲ್ಜಿಯಂನ ಪುಕೆಲ್‌ಪಾಪ್ ಉತ್ಸವದಲ್ಲಿ ಬಿರುಗಾಳಿಗೆ ಐದು ಸಾವು. ಗಾಳಿಯ ವೇಗ ಇಷ್ಟಾದರೆ ಪರದೆ ಇಳಿಸಬೇಕು, ಇಷ್ಟಾದರೆ ಜನರನ್ನು ಹಿಂದಕ್ಕೆ ಕಳಿಸಬೇಕು ಎಂಬ ನಿಯಮ ಮೊದಲೇ ಬರೆದಿರಬೇಕು, ಅದನ್ನು ಜಾರಿ ಮಾಡುವ ಅಧಿಕಾರ ಒಬ್ಬರ ಕೈಯಲ್ಲಿರಬೇಕು. ವೇದಿಕೆಯ ಮೇಲೆ ಗಣ್ಯರ ಸನ್ಮಾನ ನಡೆಯುತ್ತಿರುವಾಗ ‘ನಿಲ್ಲಿಸಿ’ ಎನ್ನುವ ಧೈರ್ಯ ಸೌಂಡಿನವರಿಗೆ ಬರುವುದಿಲ್ಲ.

ಸಿಡಿಲಿನ ದೂರ ತಿಳಿಯಲು ಯಂತ್ರ ಬೇಕಿಲ್ಲ. ಶಬ್ದ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಸಾಗುತ್ತದೆ. ಮಿಂಚು ಕಂಡ ಕ್ಷಣದಿಂದ ಎಣಿಸಿ, ಮೂವತ್ತು ಎನ್ನುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ. ಬಯಲಿನಲ್ಲಿ ಇರಬಾರದ ಹೊತ್ತು ಅದು. ಒಂಟಿ ಮರ, ದೀಪದ ಕಂಬ, ಕಬ್ಬಿಣದ ಬ್ಯಾರಿಕೇಡು ಆಸರೆಯಲ್ಲ. ಬಾಗಿಲು ಮುಚ್ಚಿದ ಕಾರು, ಬಸ್ಸು ಪರವಾಗಿಲ್ಲ.

ಮೃದಂಗ ಇಳಿದಾಗ

ಮಳೆ ಬಂದರೆ ಹಾಡುವವರ ಪಾಡೇನು? ಎಲ್ಲ ಸಂಗೀತವೂ ಒಂದೇ ರೀತಿ ಒದ್ದೆಯಾಗುವುದಿಲ್ಲ.

ಮೃದಂಗ, ತಬಲಾದ ಮುಚ್ಚಿಗೆ ಚರ್ಮದ್ದು. ಗಾಳಿಯಲ್ಲಿ ತೇವ ಏರಿದರೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ದಸರಾ ವೇಳೆ ಅರಮನೆ ಮುಂದಿನ ಸಂಗೀತ ಕಚೇರಿಯಲ್ಲಿ ಎರಡು ಕೃತಿಗಳ ನಡುವೆ ಮೃದಂಗದವರು ಕಲ್ಲಿನಿಂದ ಕುಟ್ಟಿ ಕುಟ್ಟಿ ಶ್ರುತಿ ಏರಿಸುವುದನ್ನು ನೋಡಿಯೇ ಮಳೆ ಎಷ್ಟು ಹತ್ತಿರವಿದೆ ಎಂದು ಊಹಿಸಬಹುದು. ವೀಣೆಯ ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಪಿಟೀಲಿನ ಹಲಗೆಗಳನ್ನು ಹಿಡಿದಿರುವುದು ಅಂಟು. ಎರಡಕ್ಕೂ ಥಂಡಿ ಆಗಿಬರುವುದಿಲ್ಲ. ಕೀಬೋರ್ಡ್, ಗಿಟಾರಿಗೆ ಈ ಕಷ್ಟವಿಲ್ಲ, ಅವಕ್ಕೆ ಕರೆಂಟಿನ ಕಷ್ಟ. ಒದ್ದೆ ನೆಲ, ಒದ್ದೆ ಕೇಬಲ್ಲು, ಬೆವರಿದ ಕೈಯಲ್ಲಿ ಮೈಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಪ್ರಾಣಕ್ಕೇ ಸಂಚಕಾರ. ಸಣ್ಣ ಸೋರಿಕೆಗೂ ತಾನಾಗಿ ಟ್ರಿಪ್ ಆಗುವ ಸ್ವಿಚ್ಚು ಹಾಕಿದ್ದರೆ ಹಾಡಿನ ನಡುವೆ ಮೈದಾನವೇ ಕತ್ತಲಾಗುತ್ತದೆ. ಜನ ‘ಓ’ ಎಂದು ಕೂಗುತ್ತಾರೆ. ಕೂಗಲಿ ಬಿಡಿ, ಆ ಸ್ವಿಚ್ಚು ತನ್ನ ಕೆಲಸ ಮಾಡಿದೆ ಎಂದರ್ಥ.

ಇನ್ನು ಕೇಳುವವರ ಕಿವಿ. ಶಾಮಿಯಾನದ ಮೇಲೆ, ತಗಡಿನ ಮೇಲೆ, ತಲೆಯ ಮೇಲಿನ ಕುರ್ಚಿಯ ಮೇಲೆ ಬೀಳುವ ಮಳೆಯ ಸದ್ದು ಎಲ್ಲ ಸ್ವರಗಳನ್ನೂ ಸಮನಾಗಿ ಮುಚ್ಚುವ ಸರಬರ. ಸಿನಿಮಾ ಹಾಡಿನ ಡ್ರಮ್ಮು, ಬೇಸ್ ಅದನ್ನು ಸೀಳಿಕೊಂಡು ಬರುತ್ತವೆ. ವಿಳಂಬದಲ್ಲಿ ಸಾಗುವ ವೀಣೆಯ ಆಲಾಪನೆ ಬರುವುದಿಲ್ಲ. ಯುವ ದಸರಾದ ಜನ ಮಳೆಯಲ್ಲೂ ಕುಣಿಯುವುದಕ್ಕೆ ಹುರುಪು ಎಷ್ಟು ಕಾರಣವೋ ಈ ಶಬ್ದವಿಜ್ಞಾನವೂ ಅಷ್ಟೇ ಕಾರಣ. ಅರಮನೆ ಅಂಗಳದ ರಸಿಕರು ಬೇಗ ಎದ್ದು ಹೋದರೆ ಅವರನ್ನು ಮೈಗಳ್ಳರು ಎನ್ನಬೇಕಿಲ್ಲ.

ದೊಡ್ಡ ಸಭೆಗೆ ಕೇಳಿಸುವುದು ಹೇಗೆ ಎಂಬ ಪ್ರಶ್ನೆ ಈ ಊರಿಗೆ ಹಳೆಯದು. ತಿರುಮಕೂಡಲಿನ ಟಿ. ಚೌಡಯ್ಯನವರು ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲೆಂದು ಪಿಟೀಲಿಗೆ ಏಳು ತಂತಿ ಕಟ್ಟಿಸಿದರು. ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ಅವರ ಆ ಏಳು ತಂತಿಯ ಪಿಟೀಲು ದೇಶವೆಲ್ಲ ಹೆಸರಾಯಿತು. ಮಳೆಯ ಸದ್ದನ್ನು ಗೆಲ್ಲಲು ಎಷ್ಟು ತಂತಿ ಬೇಕಾಗುತ್ತಿತ್ತೋ!

ರವಿಶಂಕರ್ ಕಂಡ ಕೆಸರು

ಮಳೆ, ಕೆಸರು, ಸಂಗೀತ ಮೂರೂ ಸೇರಿ ದಂತಕತೆಯಾದದ್ದು ನ್ಯೂಯಾರ್ಕ್ ರಾಜ್ಯದ ಬೆಥೆಲ್ ಎಂಬಲ್ಲಿ, 1969ರ ಆಗಸ್ಟ್‌ನ ವುಡ್‌ಸ್ಟಾಕ್‌ನಲ್ಲಿ. ಮ್ಯಾಕ್ಸ್ ಯಾಸ್ಗರ್ ಎಂಬ ಹೈನು ರೈತರ ಜಮೀನಿಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಬಂದರು. ಅದರ ಮೊದಲ ರಾತ್ರಿಯೇ ಸಿತಾರ್ ಹಿಡಿದು ಕೂತವರು ಪಂಡಿತ್ ರವಿಶಂಕರ್, ತಬಲಾದಲ್ಲಿ ಉಸ್ತಾದ್ ಅಲ್ಲಾ ರಖಾ. ಅವರು ನುಡಿಸುತ್ತಿದ್ದಾಗಲೇ ಮಳೆ ಬಂತು. ತಬಲಾದ ಗತಿ ಏನಾಗಿರಬೇಕು, ಊಹಿಸಿ. ಜಗತ್ತು ಇಂದಿಗೂ ಆ ಮೂರು ದಿನವನ್ನು ಕೊಂಡಾಡುತ್ತದೆ, ರವಿಶಂಕರ್ ಮಾತ್ರ ಕೊಂಡಾಡಲಿಲ್ಲ. ಕೆಸರಿನಲ್ಲಿ ಹೊರಳುತ್ತಿದ್ದ ಜನರನ್ನು ಕಂಡಾಗ ನಮ್ಮ ದೇಶದ ಎಮ್ಮೆಗಳು ನೆನಪಾದವು ಎಂದು ಆಮೇಲೆ ಹೇಳಿಕೊಂಡರು.

ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ 1970ರಲ್ಲಿ ಮೈಕಲ್ ಈವಿಸ್ ಎಂಬ ಇನ್ನೊಬ್ಬ ಹೈನು ರೈತರ ಜಮೀನಿನಲ್ಲಿ ಶುರುವಾಯಿತು. ಒಂದು ಪೌಂಡಿನ ಟಿಕೆಟ್ಟಿಗೆ ಹಾಲು ಉಚಿತ. ಅಲ್ಲಿ ಎಷ್ಟೋ ವರ್ಷ ಕೆಸರೇ ಸುದ್ದಿ, ಮೊಣಕಾಲುದ್ದದ ರಬ್ಬರ್ ಬೂಟೇ ಫ್ಯಾಷನ್. ಆದರೆ ಅವರಿಂದ ಕಲಿಯಬೇಕಾದದ್ದು ಬೂಟಲ್ಲ. ಜನ ಓಡಾಡುವ ದಾರಿಗೆ ಲೋಹದ ಹಲಗೆ ಹಾಸುತ್ತಾರೆ, ಕೆಸರಾದ ಕಡೆ ಹುಲ್ಲು, ಮರದ ಚಕ್ಕೆ ಸುರಿಯುತ್ತಾರೆ, ಕೆಲವು ವರ್ಷಕ್ಕೊಮ್ಮೆ ಉತ್ಸವವನ್ನೇ ಕೈಬಿಟ್ಟು ನೆಲವನ್ನು ಬೀಳು ಬಿಡುತ್ತಾರೆ. 2018ರಲ್ಲಿ ಬಿಟ್ಟಿದ್ದರು, 2026 ಮತ್ತೆ ಬೀಳು ವರ್ಷ. ಅಷ್ಟೆಲ್ಲ ಮಾಡಿದರೂ ಮಳೆ ಗೆಲ್ಲುವುದುಂಟು. 2023ರಲ್ಲಿ ಜರ್ಮನಿಯ ವಾಕೆನ್ ಮೆಟಲ್ ಉತ್ಸವದವರು ಕೆಸರಿಗೆ ಸೋತು, ಟಿಕೆಟ್ ಕೊಂಡವರಲ್ಲಿ ಇನ್ನೂ ದಾರಿಯಲ್ಲಿದ್ದವರಿಗೆ ವಾಪಸ್ ಹೋಗಿ ಎಂದರು. ಬೈಸಿಕೊಂಡರು, ಆದರೆ ಸರಿಯಾದ ಕೆಲಸ ಮಾಡಿದರು.

ಎಂಟನೇ ಕ್ರಾಸಿನ ಲೆಕ್ಕ

ವಿದೇಶಕ್ಕೆ ಹೋಗುವುದೂ ಬೇಡ. ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸಿಗೆ ಹೋದರೆ ಸಾಕು. ಅಲ್ಲಿ ಗಣಪತಿ ಹಬ್ಬಕ್ಕೆ ರಸ್ತೆಗೇ ಚಪ್ಪರ ಹಾಕಿ ನಡೆಸುವ ಸಂಗೀತೋತ್ಸವಕ್ಕೆ ದಶಕಗಳ ಹೆಸರಿದೆ. ಭಾದ್ರಪದ ಮಾಸ, ಮಳೆಗಾಲವೇ. ಆದರೂ ರಸಿಕರು ಹಾಯಾಗಿ ಕೂತು ಕೇಳುತ್ತಾರೆ. ತಲೆಯ ಮೇಲೆ ಚಪ್ಪರ, ಕಾಲಡಿ ಡಾಂಬರು, ಪಕ್ಕದಲ್ಲಿ ನಗರಪಾಲಿಕೆಯ ಚರಂಡಿ. ಇಷ್ಟೇ ಗುಟ್ಟು.

ಐವತ್ತು ಸಾವಿರ ಜನಕ್ಕೆ ಚಪ್ಪರ ಹಾಕಲಾಗದು, ನಿಜ. ಡಾಂಬರಂತೂ ಬೇಡವೇ ಬೇಡ. ಆದರೆ ಗೇಟು, ಮುಖ್ಯ ದಾರಿ, ಶೌಚಾಲಯದ ಸುತ್ತ, ಪಾರ್ಕಿಂಗಿನ ಬಾಯಿ ಇವಿಷ್ಟಕ್ಕಾದರೂ ಜಲ್ಲಿಯೋ ಲೋಹದ ಹಲಗೆಯೋ ತೆಂಗಿನ ನಾರಿನ ಚಾಪೆಯೋ ಹಾಸಬಹುದು. ಮೈದಾನವನ್ನು ನಡುವೆ ಕೊಂಚ ಎತ್ತರಿಸಿ ಎರಡು ಬದಿಗೆ ಕಾಲುವೆ ತೋಡಲು ಒಂದು ಜೆಸಿಬಿಗೆ ಎಷ್ಟು ದಿನ ಬೇಕು? ಭತ್ತದ ಹುಲ್ಲು ಹಾಸೋಣವೆಂದರೆ ಮಾತ್ರ ಒಂದು ಅಡ್ಡಿ: ಕಾವೇರಿ ನಾಲೆಯ ಗದ್ದೆಗಳ ಕೊಯ್ಲು ದಸರಾ ಮುಗಿದ ಮೇಲೆ. ಅಕ್ಟೋಬರಿನಲ್ಲಿ ಸಿಗುವುದು ಹಳೆಯ ಬಣವೆಯ ಹುಲ್ಲು, ಅದು ದನಗಳ ಪಾಲು.

ನನಗೆ ಕಾಣುವಂತೆ ತೊಡಕು ಹಣದ್ದಲ್ಲ. ಕಲಾವಿದರ ಸಂಭಾವನೆ, ದೀಪಾಲಂಕಾರ, ಪೋಸ್ಟರು ಎಲ್ಲರ ಕಣ್ಣಿಗೆ ಬೀಳುತ್ತವೆ. 2024ರಲ್ಲಿ ವೇದಿಕೆ ಹತ್ತಿರದ ಆಸನಗಳಿಗೆ 8,000, 5,000 ರೂಪಾಯಿಯ ಟಿಕೆಟ್ಟೂ ಇತ್ತು. ಚರಂಡಿಗೆ ಉದ್ಘಾಟನೆ ಇಲ್ಲ, ಅದರ ಫೋಟೊ ಯಾರೂ ತೆಗೆಯುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ ಅದು ಕೊನೆಗೆ ಬರುತ್ತದೆ, ಕೊನೆಗೆ ಬಂದದ್ದು ಬಿಟ್ಟುಹೋಗುತ್ತದೆ.

ಹೊರಡುವ ಮುನ್ನ

ಅದು ಬದಲಾಗುವವರೆಗೆ ನಮ್ಮ ಜಾಗ್ರತೆ ನಮಗೆ. ಕೊಡೆ ಮನೆಯಲ್ಲಿರಲಿ, ಗುಂಪಿನಲ್ಲಿ ಅದು ಹಿಂದಿನವರ ಕಣ್ಣಿಗೂ ನೋಟಕ್ಕೂ ಅಪಾಯ. ರೇನ್‌ಕೋಟ್ ಸಾಕು. ಹವಾಯಿ ಚಪ್ಪಲಿಯನ್ನು ಕೆಸರು ಕಿತ್ತುಕೊಳ್ಳುತ್ತದೆ. ಹಿಂದೆ ಪಟ್ಟಿಯಿರುವ ಪ್ಲಾಸ್ಟಿಕ್ ಸ್ಯಾಂಡಲ್ ಒಳ್ಳೆಯದು. ಬರಿಗಾಲಿನ ಸಾಹಸ ಬೇಡ, ಮುರಿದ ಕುರ್ಚಿಯ ಚೂರು, ಮೊಳೆ ಎಲ್ಲ ಆ ಕೆಸರಿನಲ್ಲೇ ಇರುತ್ತವೆ. ಮಕ್ಕಳ ಜೇಬಿನಲ್ಲಿ ಅಪ್ಪ ಅಮ್ಮನ ಫೋನ್ ನಂಬರ್ ಬರೆದ ಚೀಟಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಇಡಿ. ಸ್ಕೂಟರನ್ನು ಸೈಡ್ ಸ್ಟ್ಯಾಂಡಿನಲ್ಲಿ ಮಣ್ಣಿಗೆ ಬಿಟ್ಟರೆ ಅದು ಹೂತು ಗಾಡಿ ಮಲಗುತ್ತದೆ, ಅಡಿಗೊಂದು ಚಪ್ಪಟೆ ಕಲ್ಲು ಇಡಿ. ಬಸ್ಸಿನಲ್ಲಿ ಹೋದರೆ ಅದೂ ಬೇಡ.

ಮನೆಗೆ ಬಂದ ಕೂಡಲೇ ಬಟ್ಟೆಯ ಕೆಸರನ್ನು ಉಜ್ಜಬೇಡಿ. ಒಣಗಲು ಬಿಟ್ಟು ಕೊಡವಿದರೆ ಅರ್ಧಕ್ಕರ್ಧ ಉದುರುತ್ತದೆ. ಉಳಿದ ಕೆಂಪು ಕಲೆ ಕಬ್ಬಿಣದ ತುಕ್ಕಿನ ಜಾತಿಯದು. ಬ್ಲೀಚಿಂಗ್ ಪುಡಿ ಹಾಕಿದರೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಬಿಳಿ ಬಟ್ಟೆಯಾದರೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಹಾಕಿ, ಆಮೇಲೆ ಸೋಪು. ಅಕ್ಟೋಬರಿನಲ್ಲಿ ಬಿಸಿಲು ಮಧ್ಯಾಹ್ನ ಮೂರರವರೆಗೆ ಸಿಗುತ್ತದೆ, ಅಷ್ಟರೊಳಗೆ ಒಗೆದು ಒಣಹಾಕಿ ಮುಗಿಸಿಕೊಳ್ಳಿ.